ಅಕ್ಕ ಬಳಿದ ಕಪ್ಪು

ನಮ್ಮ ಅಕ್ಕನಿಗೆ ಮನೆಯಲ್ಲಿ ಇಟ್ಟ ಅಡ್ಡಹೆಸರು ಮೊಂಡಿ. ಚಿಕ್ಕಂದಿನಲ್ಲಿ ಅಪ್ಪ ಹೊಡೆದರೂ ಅಳುತ್ತಿರಲಿಲ್ಲ, ‘ಇನ್ನೂ ಹೊಡಿ’ ಅನ್ನೋ ಹಾಗೆ ನಿಂತಿರುತ್ತಿದ್ದಳು. ನನಗೋ ಮೂಗಿನ ತುದಿಯಲ್ಲೇ ಕೋಪ. ಓದು ತಲೆಗೆ ಹತ್ತದೆ ಪಂಪ್ ರಿಪೇರಿ ಕಲಿತೆ. ಅಕ್ಕ ಓದಿ, ಶಾಖ ಅಳೆಯುವ ಸೆನ್ಸರ್‌ಗಳನ್ನು ಪರೀಕ್ಷಿಸುವ ಕೋಣೆಗೆ ಮುಖ್ಯಸ್ಥೆಯಾದಳು. ಅದೇ ಕೋಣೆಯಲ್ಲಿ ನೀರಿನ ಪಂಪು ನನ್ನದು.

ಅಲ್ಲೊಂದು ಕರೆಂಟಿನ ಕುಲುಮೆ. ಕಾದರೆ ಅದರ ಬಾಯಿ ಬೆಳ್ಳಗೆ ಉರಿಯುತ್ತದೆ. ಅದರ ಮುಂದೆ ಸೆನ್ಸರ್ ಇಟ್ಟು, ಎಷ್ಟು ಶಾಖ ಬಿದ್ದರೆ ಅದು ಎಷ್ಟು ತೋರಿಸುತ್ತದೆ ಎಂದು ಅಕ್ಕ ತಾಳೆ ನೋಡುತ್ತಿದ್ದಳು. ಸೆನ್ಸರ್ ಸುಟ್ಟುಹೋಗದಂತೆ ಅದರೊಳಗೆ ನೀರು ಹರಿಸುವುದು ನನ್ನ ಕೆಲಸ. ಕೋಟಿನ ಗುಂಡಿಯಷ್ಟಿರುವ ಅದರ ಮುಖಕ್ಕೆ ಕಪ್ಪು ಬಳಿದಿರುತ್ತಾರೆ. ಶಾಖ ಹೀರುವುದೇ ಆ ಕಪ್ಪು.

ಒಂದು ದಿನ, ಬೆಂಕಿ ಆರಿಸುವವರಿಗೆ ಕೋಟು ಹೊಲಿಯುವ ಕಾರ್ಖಾನೆಯಿಂದ ಒಂದು ಸೆನ್ಸರ್ ಬಂತು. ನೋಡಿದರೆ ಮುಖ ಫಳಫಳ! ಯಾರೋ ಪುಣ್ಯಾತ್ಮ ಮಸಿ ಅಂದುಕೊಂಡು ಕಪ್ಪನ್ನೆಲ್ಲ ತಿಕ್ಕಿ ತಿಕ್ಕಿ ತೆಗೆದಿದ್ದ.

ಮ್ಯಾನೇಜರು ಬಂದರು. “ಏನಮ್ಮಾ, ಅವರ ಡ್ರೈವರ್ ಗೇಟಲ್ಲಿ ಕಾಯ್ತಿದಾನೆ. ಕುಲುಮೆ ಕಾಯಿಸ್ತಾ ಕೂತ್ರೆ ಸಂಜೆ ಆಗುತ್ತೆ. ಸರ್ಟಿಫಿಕೇಟಿಗೆ ಹೋದ ವರ್ಷದ ಅಂಕಿನೇ ಹಾಕಿ ಸೀಲ್ ಒತ್ತಿಬಿಡಿ.”

“ಆಗಲ್ಲ ಸಾರ್. ಇದನ್ನ ಕೋಟಿನ ಹಿಂದೆ ಇಟ್ಟು, ಒಳಗೆ ಎಷ್ಟು ಶಾಖ ನುಗ್ಗಿತು ಅಂತ ನೋಡ್ತಾರೆ. ಈ ಮುಖ ಕಮ್ಮಿ ತೋರಿಸುತ್ತೆ, ಕೆಟ್ಟ ಕೋಟೂ ಪಾಸಾಗುತ್ತೆ. ಹಾಕ್ಕೊಂಡೋನು ಬೇಯ್ತಾನೆ.”

“ಬೆಂಕಿಗೆ ಹೋಗೋರೇನು ನಿಮ್ಮ ಮಾವನ ಮಕ್ಕಳಾ?”

“ಅಲ್ದಿದ್ರೆ ಸುಡಲ್ವಾ?”

ಮ್ಯಾನೇಜರ ಮುಖ ಕೆಂಪಾಯಿತು. “ನೀವು ಒತ್ತದಿದ್ರೆ ಇನ್ನೊಬ್ರು ಒತ್ತುತಾರೆ. ನೀವು ಸೋಮವಾರದಿಂದ ಗೋಡೌನಿಗೆ!”

ನನಗೆ ಮೈಯೆಲ್ಲ ಉರಿದುಹೋಯಿತು. ಸ್ಪ್ಯಾನರ್ ಹಿಡಿದೇ ಎದ್ದೆ.

“ಕೂತ್ಕೊಳೋ, ನಿನ್ನ ನೀರು ನೋಡ್ಕೋ,” ಎಂದಳು ಅಕ್ಕ. ಬ್ರಷ್ ತೆಗೆದುಕೊಂಡು, ಮ್ಯಾನೇಜರ ಕಣ್ಣೆದುರೇ ಆ ಫಳಫಳ ಮುಖಕ್ಕೆ ಹೊಸ ಕಪ್ಪು ಬಳಿದೇಬಿಟ್ಟಳು.

“ಏನ್ರೀ ಇದು!”

“ಹಸಿ ಇದೆ ಸಾರ್, ಮುಟ್ಬೇಡಿ. ಒಣಗಿದ ಮೇಲೆ ಕುಲುಮೆ ಮುಂದೆ ಇಡಲೇಬೇಕು. ಮುಖಾನೇ ಹೊಸದಾಗಿದೆ ಅಂತ ಕಳಿಸಿದೋರಿಗೂ ಕಾಣುತ್ತೆ, ಇನ್ನು ಹಳೇ ಅಂಕಿ ಯಾರು ಒತ್ತಿದ್ರೂ ನಡೆಯಲ್ಲ. ಡ್ರೈವರ್‌ಗೆ ಊಟ ಮಾಡ್ಕೊಂಡು ಬರೋಕೆ ಹೇಳಿ.” ಕುಲುಮೆಯ ಸ್ವಿಚ್ ಹಾಕಿದಳು. “ಹೋಗ್ತಾ ಬಾಗಿಲು ಎಳ್ಕೊಳ್ಳಿ. ಗಾಳಿ ಬಂದ್ರೆ ಲೆಕ್ಕ ತಪ್ಪುತ್ತೆ.”

ಸಂಜೆ ಸೆನ್ಸರ್ ಹೊಸ ಅಂಕಿ ಹೊತ್ತುಕೊಂಡು ಹೋಯಿತು. ಸೋಮವಾರ ಅಕ್ಕ ಗೋಡೌನಿಗೆ ಹೋದಳು. ಹೋಗಲಿ, ಏನೀಗ! ಅಲ್ಲಿಯ ತಕ್ಕಡಿ ಸರಿಯಿಲ್ಲ ಅಂತ ಆಗಲೇ ಗಲಾಟೆ ಎಬ್ಬಿಸಿದ್ದಾಳೆ.