ಅಟ್ಟ ಇಳಿಸುವ ಹೊತ್ತಿಗೆ

ವಿಶ್ವವಿದ್ಯಾಲಯದಲ್ಲಿ ಮರವಿಜ್ಞಾನ ಓದಲು ಸೇರಿದ ಮೊದಲ ತಿಂಗಳಲ್ಲೇ ನಾನು ಮಾನ ಕಳೆದುಕೊಂಡೆ. ತೊಂಬತ್ತರ ದಶಕದ ಕೊನೆಯ ಮಾತು. ಮೇಷ್ಟ್ರು ಬೆಂಕಿಪೊಟ್ಟಣದಷ್ಟು ಗಾತ್ರದ ತೇಗದ ತುಂಡೊಂದನ್ನು ಕೈಗೆ ಕೊಟ್ಟು, 'ಇದು ಒಣಗಿದೆಯೋ ಇಲ್ಲವೋ, ಹೇಗೆ ಹೇಳ್ತೀಯ?' ಎಂದರು. ತೂಗಬೇಕು, ಓವನ್ನಿನಲ್ಲಿಟ್ಟು ಮತ್ತೆ ತೂಗಬೇಕು, ತೂಕ ಇಳಿಯುವುದು ನಿಲ್ಲುವ ತನಕ. ಹಿಂದಿನ ದಿನವಷ್ಟೇ ಓದಿದ್ದೆ. ಆದರೆ ಓದಿದ್ದು ತಲೆ, ಕೈಯಲ್ಲ. ತುಂಡನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿಬಿಟ್ಟೆ.

'ಏನಂತ್ಲಾ ತೇಗ? ಊರಿಗೆ ಹೋಗ್ಬೇಕಂತಾ?' ಎಂದ ಪಕ್ಕದವನು. ಕೋರ್ಸು ಮುಗಿಯುವವರೆಗೂ ಅದೇ ಗೇಲಿ.

ನಮ್ಮೂರು ಹೊನ್ನವಳ್ಳಿ ಕಡೆಯವರಾಗಿದ್ದರೆ ಯಾರೂ ನಗುತ್ತಿರಲಿಲ್ಲ. ನಮ್ಮಲ್ಲಿ ಬಲಿತ ತೆಂಗಿನಕಾಯಿ ಹತ್ತು ಹನ್ನೊಂದು ತಿಂಗಳು ಅಟ್ಟದಲ್ಲಿ ಕೂತು ಕೊಬ್ಬರಿಯಾಗುತ್ತದೆ. ಅಲುಗಿಸಿದಾಗ ಗುಳುಗುಳು ಎಂದರೆ ಒಳಗೆ ನೀರಿದೆ. ಸದ್ದೇ ಇಲ್ಲವೆಂದರೆ ನೀರು ಇಂಗಿದೆ, ಕೊಬ್ಬರಿ ಇನ್ನೂ ಚಿಪ್ಪು ಬಿಟ್ಟಿಲ್ಲ. ಗಡಗಡ ಎಂದರೆ ಒಳಗೆ ಕೊಬ್ಬರಿ ಉಂಡೆಯಾಗಿ ಬಿಟ್ಟುಕೊಂಡಿದೆ, ಅಟ್ಟದಿಂದ ಇಳಿಸಬಹುದು. ಇದರಲ್ಲಿ ಅಮ್ಮನನ್ನು ಮೀರಿಸುವವರಿರಲಿಲ್ಲ. ಅಟ್ಟ ಇಳಿಸುವ ಮುಂಚೆ ಅಕ್ಕಪಕ್ಕದ ಊರಿನವರೂ ಅವಳನ್ನು ಕರೆದೊಯ್ಯುತ್ತಿದ್ದರು. ಅವಳು ಮದುವೆಗೆ ಹೊರಟವಳಂತೆ ಒಳ್ಳೆಯ ಸೀರೆ ಉಟ್ಟು ಹೋಗುತ್ತಿದ್ದಳು. ಆ ಜಂಬ ನನಗೆ ತುಂಬ ಇಷ್ಟ. ಹಾಸ್ಟೆಲಿನಲ್ಲಿ ಅದು ನೆನಪಾದರೆ ಊಟ ಸೇರುತ್ತಿರಲಿಲ್ಲ.

ಎರಡನೇ ವರ್ಷ ಅಮ್ಮನಿಂದ ಕಾಗದ ಬಂತು. ಅವಳಿಗೆ ಬರೆಯಲು ಬಾರದು, ಹೇಳಿದ್ದನ್ನು ತಂಗಿ ಬರೆಯುತ್ತಿದ್ದಳು. 'ಅಟ್ಟ ಇಳಿಸಬೇಕು, ಎರಡು ದಿನದ ಮಟ್ಟಿಗೆ ಬಂದು ಹೋಗು.' ಹದಿನೈದು ದಿನಕ್ಕೆ ಅದೇ ಮಾತಿನ ಇನ್ನೊಂದು ಕಾಗದ. ಪರೀಕ್ಷೆ ಇದೆ ಎಂದು ಉತ್ತರಿಸಿದೆ. ಪರೀಕ್ಷೆ ಗಿರೀಕ್ಷೆ ಏನೂ ಇರಲಿಲ್ಲ. ಗೆಳೆಯರು ದೊಡ್ಡದೊಂದು ಮರದ ಡಿಪೋ ನೋಡಲು ಹೊರಟಿದ್ದರು, ನನಗೂ ಹೋಗುವ ಆಸೆ. ಅಮ್ಮನಿಗೆ ನನ್ನನ್ನು ನೋಡಬೇಕೆನ್ನಿಸಿದೆ ಅಷ್ಟೇ ತಾನೆ, ರಜೆಗೆ ಹೋದರಾಯಿತು ಅಂದುಕೊಂಡೆ.

ರಜೆಗೆ ಮನೆ ತಲುಪಿದಾಗ ತಂಗಿ ಬಾಗಿಲಲ್ಲೇ ತಡೆದಳು.

'ಅಮ್ಮ ಆಗೈತೆ ಅಂದ ಕಾಯೆಲ್ಲ ಹಸಿ ಕಣಣ್ಣ. ಒಡುದ್ರೆ ಉಂಡೆ ಬರ್ಲೇ ಇಲ್ಲ, ಬರೀ ಚೂರು. ಪಕ್ಕದೂರು ಬಿಳಿಗೆರೆಯೋರ ಅಟ್ಟದಲ್ಲೂ ಹಂಗೇ ಆಯ್ತು. ಈಗ ಅಮ್ಮನ್ನ ಯಾರೂ ಕರಿಯಾಕೆ ಬತ್ತಿಲ್ಲ.'

ಅಮ್ಮ ಹಿತ್ತಲಲ್ಲಿದ್ದಳು. ಉಳಿದಿದ್ದ ಕಾಯಿಯೊಂದನ್ನು ತೆಗೆದುಕೊಂಡು ಹೋಗಿ ಅವಳ ಕಿವಿಯ ಬಳಿ ಅಲುಗಿಸಿದೆ. ನನಗೆ ಗಡಗಡ ಎಂದು ಕೇಳಿತು. ಅವಳು ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದಳು, ಪಕ್ಕದವನ ಪೇಪರ್ ನೋಡಿ ಬರೆಯುವ ಹುಡುಗಿಯ ಹಾಗೆ. ಸಣ್ಣ ಸದ್ದು ಕೇಳದೆ ವರ್ಷವಾಗಿತ್ತಂತೆ. ನಮ್ಮ ಮನೆಯಲ್ಲಿ ಮೆಲ್ಲಗೆ ಮಾತಾಡುವವರು ಯಾರೂ ಇಲ್ಲವಾದ್ದರಿಂದ ಯಾರಿಗೂ ಗೊತ್ತಾಗಿರಲಿಲ್ಲ. ಅಂದಾಜಿನ ಮೇಲೆ ಹೇಳುತ್ತಾ ಬಂದಿದ್ದಳು.

'ಕಾಗದದಲ್ಲಿ ಯಾಕೆ ಬರೆಸಲಿಲ್ಲ?' ಎಂದೆ.

'ಅವ್ಳ ಕೈಲಿ ಅದನ್ನ ಹೆಂಗ್ ಬರ್ಸಾದು? ಊರ್ಗೆಲ್ಲ ಗೊತ್ತಾಗೋದು. ನೀನು ಪಕ್ಕದಲ್ಲಿ ಕೂತು ಕಣ್ಸನ್ನೆ ಮಾಡಿದ್ರೆ ಸಾಕಾಗಿತ್ತು.'

'ಇಂಥಾದ್ದು ಅಂತ ಗೊತ್ತಿದ್ರೆ ಓಡಿ ಬತ್ತಿದ್ದೆ ಕಣಮ್ಮ!' ನಾಚಿಕೆಗೆ ನನ್ನ ದನಿ ಏರಿಹೋಗಿತ್ತು.

ಅವಳಿಗೆ ಸಿಟ್ಟೇನೂ ಇರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. 'ಕರುದ್ರೆ ಬತ್ತೀಯ ಅಂದ್ಕಂಡಿದ್ದೆ ಕಣಪ್ಪ,' ಎಂದಳು. 'ಕಾರಣಾನೂ ಹೇಳ್ಬೇಕು ಅಂತ ಗೊತ್ತಿರ್ಲಿಲ್ಲ.'

ಈಗಲೂ ಊರಿಗೆ ಹೋದರೆ 'ಬಂದ್ಯಾ ಮಗ' ಎಂದು ತಟ್ಟೆ ಇಡುತ್ತಾಳೆ. ಆದರೆ ತಾನಾಗಿ ಕರೆದದ್ದು ಅದೇ ಕೊನೆ. ಒಂದೇ ಒಂದು ಸಲ ಕರೆಯಲಿ ಎಂದು ನಾನು ಇವತ್ತಿಗೂ ಕಾಯುತ್ತೇನೆ.