ಮಗಳು ಬರಲೆಂದು ಹಂದಿ ಮಾರಿದ ಅವ್ವ

ಕಳೆದ ವಾರ ನಮ್ಮವ್ವ ಸಾಕಿದ ಹಂದಿಗಳನ್ನೆಲ್ಲ ಮಾರಿಬಿಟ್ಟಳು. ರೋಗ ಬಂದಿರಲಿಲ್ಲ, ಮೇವಿಗೂ ಕೊರತೆಯಿರಲಿಲ್ಲ. ಮಗಳು ಮನೆಗೆ ಬರಲಿ ಅಂತ!

ಬಿಡಿಸಿ ಹೇಳುತ್ತೇನೆ. ನನ್ನ ತಂಗಿ ರತ್ನ ದೂರದೊಂದು ಲ್ಯಾಬಿನಲ್ಲಿ ಹಂದಿಗಳನ್ನು ಸಾಯಿಸುವ ಹಂದಿಜ್ವರದ (ನಮಗೆ ಬರುತ್ತಲ್ಲ, ಅದಲ್ಲ, ಇದು ಬೇರೆ) ವೈರಸ್ ಮೇಲೆ ಸಂಶೋಧನೆ ಮಾಡುತ್ತಾಳೆ. ಆ ವೈರಸ್ಸಿನ ಮೈಮೇಲಿನ ಪ್ರೋಟೀನಿನ ಆಕಾರ ಎಂಥದು, ಅದು ಹಂದಿಯ ರಕ್ತಕಣಕ್ಕೆ ಹೇಗೆ ಅಂಟಿಕೊಳ್ಳುತ್ತದೆ ಅನ್ನೋದೇ ಅವಳ ಧ್ಯಾನ. ಆಕಾರ ತಿಳಿದರೆ ಅದರ ಆಟ ತಿಳಿಯುತ್ತದೆ, ಆಟ ತಿಳಿದರೆ ಲಸಿಕೆಗೊಂದು ದಾರಿ. ಒಮ್ಮೆ ಫೋನಿನಲ್ಲಿ ಚಿತ್ರ ತೋರಿಸಿದಳು. ಬಣ್ಣಬಣ್ಣದ ಸುರುಳಿ. "ಇದೇನೇ, ಜಡೆ ಟೇಪು ಬಿಚ್ಚಿ ಬಿಸಾಕ್ದಂಗೈತೆ!" ಅಂದಳು ಅವ್ವ. (ನಿಜ ಹೇಳಲಾ? ನನಗೂ ಹಾಗೇ ಕಂಡಿತ್ತು.)

ಆದರೆ ಆ ಲ್ಯಾಬಿನದೊಂದು ರೂಲ್ಸ್. ಅಲ್ಲಿ ಕೆಲಸ ಮಾಡುವವರು ಹಂದಿಗಳಿರುವ ಕಡೆ ಸುಳಿಯುವಂತಿಲ್ಲ. ಲ್ಯಾಬಿನಿಂದ ಬಟ್ಟೆಗೋ ಚಪ್ಪಲಿಗೋ ವೈರಸ್ ಅಂಟಿಕೊಂಡು ಬಂದು ಹಂದಿಗಳಿಗೆ ತಗುಲಿದರೆ? ಹಾಗಾಗಿ ರತ್ನ ಬಂದರೆ ಚಳ್ಳಕೆರೆಯ ನನ್ನ ಮನೆಗೇ. ಅವ್ವ ನಮ್ಮೂರು ದೇವಸಮುದ್ರದಿಂದ ಬಸ್ ಹತ್ತಿ ಬಂದು ನೋಡಿ ಹೋಗುತ್ತಾಳೆ. ಊರಿಗೆ ಹೋಗಿ ಸ್ನಾನ ಮಾಡಿ, ಸೀರೆ ಬದಲಾಯಿಸಿಯೇ ಹಂದಿಗೂಡಿಗೆ ಕಾಲಿಡುತ್ತಾಳೆ.

ಈ ಸಲ ಅದು ಸಾಲಲಿಲ್ಲ. ರತ್ನಳಿಗೆ ಈಗಷ್ಟೇ ಮದುವೆಯಾಗಿದೆ. ತವರಿನಿಂದ ಹೊರಡುವ ಮಗಳಿಗೆ ಮಡಿಲಕ್ಕಿ ತುಂಬಬೇಡವೇ? "ಇಲ್ಲೇ ತುಂಬವ್ವ" ಅಂದೆ.

"ನಿಮ್ಮನೇಲಿ ತುಂಬಿದ್ರೆ ಅಕ್ಕನ ಮನೆ ಅಕ್ಕಿ ಆಗ್ತೈತೆ. ಅವಳು ನನ್ನ ಹೊಸ್ಲು ತುಳೀಬೇಕು."

ಹಂದಿ ಮಾರಿದಳು, ಗೂಡು ತೊಳೆದಳು, ರತ್ನಳಿಗೆ ಫೋನ್ ಮಾಡಿದಳು. "ಎಲ್ಲಾ ಖಾಲಿ ಮಾಡೀನಿ ಕಣವ್ವ, ಇನ್ನು ಬಾ."

ರತ್ನ ಕೇಳಿದಳು, "ಪಕ್ಕದ ಮನೆಯವರ ಹಂದಿ, ಅವ್ವಾ?"

ನಮ್ಮೂರಲ್ಲಿ ಹಂದಿಗಳನ್ನು ಯಾರು ಕಟ್ಟಿಹಾಕುತ್ತಾರೆ? ಬೀದಿಯೆಲ್ಲ ಅವುಗಳದೇ, ನಮ್ಮ ಅಂಗಳವೂ. ಅವ್ವನಿಗೆ ಇದು ಹೊಳೆದೇ ಇರಲಿಲ್ಲ.

"ಲಸಿಕೆ ಸಿಕ್ಕ ದಿನ ಓಡಿ ಬರ್ತೀನವ್ವ" ಅಂದಳಂತೆ ರತ್ನ. ಯಾವಾಗ? ಆ ಪ್ರೋಟೀನು ಇನ್ನೂ ಪೂರ್ತಿ ಅರ್ಥವಾಗಿಲ್ಲವಂತೆ.

ನಿನ್ನೆ ಊರಿಗೆ ಹೋಗಿದ್ದೆ. ಅಕ್ಕಿ, ಬೆಲ್ಲ, ಕೊಬ್ಬರಿಯ ಗಂಟು ನಡುಮನೆಯಲ್ಲಿ ಹಾಗೇ ಇತ್ತು. ತಂಗಿಯನ್ನು ಆ ಹೊಸ್ತಿಲ ಮೇಲೆ ನೋಡಬೇಕು ಅಂತ ನನಗೇನು ಕಮ್ಮಿ ಆಸೆಯೇ?

"ಈ ಜ್ವರ ಮನುಷ್ಯರಿಗೆ ಬರಲ್ಲ ಅಂತಾಳಲ್ಲ?" ಅಂದಳು ಅವ್ವ.

"ಬರಲ್ಲ ಕಣವ್ವ."

"ಮತ್ತೆ ತಾಯಿ ಮಗಳ ನಡುವೆ ಯಾಕ್ ಬಂತೇ?"