ಅಕ್ಕೋರ ವಿಡಿಯೊ

ಶಾಂತಾ ಅಕ್ಕೋರೇ, ಆ ವಿಡಿಯೊ ಹೊರಗೆ ಬಿಟ್ಟವನು ನಾನು. ಬಸವರಾಜ ಮಾಸ್ತರ ಅಲ್ಲ. ನಿಮಗೆ ಇಂಗ್ಲಿಷ್ ಕಲಿಸಲು ಸಿಂದಗಿಯಿಂದ ಬರುತ್ತಿದ್ದ ತರಬೇತುದಾರ— ನಾನೇ.

ಒಂದನೇ ತರಗತಿಯಿಂದಲೇ ಇಂಗ್ಲಿಷ್ ಹೇಳಿಕೊಡಬೇಕೆಂದು ಸರ್ಕಾರಿ ಶಾಲೆಯ ಶಿಕ್ಷಕರನ್ನು ಬಾಗೇವಾಡಿಗೆ ವಾರಕ್ಕೊಂದು ದಿನದಂತೆ ತರಬೇತಿಗೆ ಕರೆದಿದ್ದರು. ಗೊಳಸಂಗಿ ಕಡೆಯ ಹಳ್ಳಿಯಿಂದ ನೀವೂ ಬಂದಿರಿ. ಊಟದ ನಂತರ ಎಲ್ಲರೂ ತೂಕಡಿಸುವಾಗ ಎದ್ದು ನಿಂತು, ಕೈ ಕುಣಿಸಿ ಮಕ್ಕಳ ಹಾಡು ಹಾಡಿ ಎಚ್ಚರಿಸುತ್ತಿದ್ದವರು ನೀವು. ಇಂಗ್ಲಿಷ್ ಒಂದಕ್ಕೆ ಮಾತ್ರ ಅಂಜುತ್ತಿದ್ದಿರಿ. ಚಹಾದ ಹೊತ್ತಿಗೆ ಬಳಿಗೆ ಬಂದು ಮೆಲ್ಲಗೆ ಹೇಳಿದಿರಿ: “ಸರ, ಎಲ್ಲಾರ ಮುಂದ ನನಗ ಓದಾಕ ಹಚ್ಚಬ್ಯಾಡ್ರಿ. ಬ್ಯಾರೆ ಕುಂತು ಕಲೀತೇನಿ.”

ಒಪ್ಪಿಕೊಂಡೆ. ಸಂಜೆ ಖಾಲಿ ಕೋಣೆಯಲ್ಲಿ ನಿಮ್ಮಿಂದ ಓದಿಸಿದೆ. ‘ನೈಫ್’ ಎಂಬಲ್ಲಿ ನೀವು ‘ಕನೈಫ್’ ಎಂದಿರಿ— ಬರೆದಿದ್ದನ್ನು ಬರೆದ ಹಾಗೇ ಓದುವ ಕನ್ನಡದ ನಾಲಿಗೆ ಅದು. ಮೊಬೈಲ್ ಎತ್ತಿ ಹಿಡಿದು, “ನಿಮ್ಮ ಓದು ನೀವ ಕೇಳಿದ್ರ ತಪ್ಪು ತಿಳೀತಾವ್ರಿ” ಎಂದೆ. ಆಗ ನನ್ನ ಮನಸ್ಸಿನಲ್ಲಿ ಅಷ್ಟೇ ಇತ್ತು. ನೀವು ನಂಬಿದಿರಿ. ಸೆರಗು ಸರಿಪಡಿಸಿಕೊಂಡು ಓದಿದಿರಿ.

ಸಿಂದಗಿಗೆ ಹೊರಳಿ ಬರುವಾಗ, ಬಸ್ಸಿನಲ್ಲಿ, ಅದನ್ನು ತರಬೇತುದಾರರ ಗ್ರೂಪಿಗೆ ಹಾಕಿದೆ. ಯಾಕೆ— ನಾಲ್ಕು ಜನ ನಗಲಿ ಎಂದು, ನಗಿಸಿದವನು ನಾನಾಗಲಿ ಎಂದು. ಅದಕ್ಕಿಂತ ದೊಡ್ಡ ಕಾರಣ ಹುಡುಕಿದರೂ ಸಿಗುವುದಿಲ್ಲ.

ಅದು ಅಲ್ಲಿ ನಿಲ್ಲಲಿಲ್ಲ. ನಿಮ್ಮ ಊರು ಮುಟ್ಟಿತು. ಶಾಲೆಯ ಗೇಟಿನಲ್ಲಿ ನಿಮ್ಮ ತರಗತಿಯ ಮಕ್ಕಳೇ ‘ಕನೈಫ್ ಅಕ್ಕೋರು’ ಎಂದು ಕೂಗಿದರಂತೆ. ತರಬೇತಿಯ ಕೊನೆಯ ದಿನ ಬಸ್‌ಸ್ಟ್ಯಾಂಡಿನಲ್ಲಿ ನೀವು ಕೇಳಿದಿರಿ:

“ಸರ, ಅದು ನಿಮ್ಮ ಮೊಬೈಲಿನ್ಯಾಗ ತಗದಿದ್ದಲ್ರಿ?”

“ನಂದಲ್ರಿ ಅಕ್ಕೋರ. ನಾ ತಗದಿದ್ದು ಅವತ್ತ ಅಳಿಸೀನಿ. ಬಸವರಾಜ ಮೊಬೈಲ್ ಹಿಡ್ಕೊಂಡು ಕಿಟಕಿ ಹತ್ರ ನಿಂತಿದ್ದ.”

ಎಷ್ಟು ಸಲೀಸಾಗಿ ಬಂತು ಆ ಸುಳ್ಳು! ಪಕ್ಕದ ಶಾಲೆಯ ಹೊಸ ಮಾಸ್ತರ ಅವನು. ಮರೆತ ಚೀಲ ಒಯ್ಯಲು ಬಂದಿದ್ದ, ಅಷ್ಟೇ. ನೀವು ಬಸ್ ಹತ್ತಿದಿರಿ; ನನ್ನ ಮಾತು ಎಲ್ಲ ಶಾಲೆಗಳಿಗೂ ಹಬ್ಬಿತು. “ನಾ ಅಲ್ರಿ” ಎಂದು ಅವನು ಎಲ್ಲರೆದುರು ಹೇಳಿಕೊಂಡ, ಯಾರೂ ನಂಬಲಿಲ್ಲ. ನಿಜ ಗೊತ್ತಿದ್ದ ಗ್ರೂಪಿನವರು ನನ್ನನ್ನು ಬಿಟ್ಟುಕೊಡಲಿಲ್ಲ. ಬೇಸತ್ತು ಮುದ್ದೇಬಿಹಾಳ ಕಡೆಗೆ ವರ್ಗ ಮಾಡಿಸಿಕೊಂಡು ಹೋದ.

ಆಮೇಲೆಯೂ ನೀವು ಪ್ರತಿ ತರಬೇತಿಗೆ ಬಂದಿರಿ. ಹಾಡಲಿಲ್ಲ. ನಿಮ್ಮ ಸರದಿ ಬಂದರೆ, “ಮುಂದಿನವ್ರನ್ನ ಕೇಳ್ರಿ” ಎನ್ನುತ್ತಿದ್ದಿರಿ. ನಾನು ತಲೆಯಾಡಿಸಿ ಮುಂದಿನವರನ್ನು ಕೇಳುತ್ತಿದ್ದೆ.

ಇನ್ನೊಂದು ಮಾತಿದೆ— ಇದೇ ನನ್ನನ್ನು ಹೆಚ್ಚು ಸುಡುವುದು. ಆ ಸಂಜೆ ನೀವು ನಿಮಗೆ ನೀವೇ ನಕ್ಕು, ಮತ್ತೆ ಮತ್ತೆ ಓದಿ, ಕೊನೆಗೆ ‘ನೈಫ್’ ಎಂದು ಸರಿಯಾಗಿ ಓದಿದ್ದಿರಿ. ಆ ತುಣುಕನ್ನು ಕತ್ತರಿಸಿ ತೆಗೆದು, ಉಳಿದದ್ದನ್ನಷ್ಟೇ ಕಳಿಸಿದೆ. ನಂತರ ಹೆದರಿ ಪೂರ್ತಿ ವಿಡಿಯೊ ಅಳಿಸಿಬಿಟ್ಟೆ. ನೀವು ಕಲಿತಿದ್ದಿರಿ ಎಂಬುದಕ್ಕೆ ಈಗ ನನ್ನ ಬಾಯಿಮಾತು ಬಿಟ್ಟರೆ ಏನೂ ಇಲ್ಲ. ಆ ಬಾಯಿ ಇಷ್ಟು ವರ್ಷ—

ನಿನ್ನೆ ಬಸವರಾಜನಿಗೆ ಫೋನು ಮಾಡಿ ಎಲ್ಲ ಹೇಳಿದೆ. ಅವನು ಬೈಯಲಿಲ್ಲ.

“ಅಕ್ಕೋರಿಗೆ ಹೇಳಿದ್ರೇನ್ರಿ?”

“ಇನ್ನೂ ಇಲ್ಲ.”

“ಮತ್ತ ನನಗ್ಯಾಕ ಹೇಳಾಕತ್ತೀರಿ” ಎಂದು ಫೋನು ಇಟ್ಟ.

ಬರುವ ತರಬೇತಿಯಲ್ಲಿ ಎಲ್ಲರೆದುರು ಹೇಳುತ್ತೇನೆ. ಅದಕ್ಕೂ ಮೊದಲು, ನಾಳೆ, ನಿಮ್ಮ ಮನೆಗೆ ಬರುತ್ತೇನೆ. ಬಾಗಿಲು ತೆಗೆಯದಿದ್ದರೂ ಸರಿ. ಈಗ ಮನಸ್ಸಿನಲ್ಲಿ ಹೇಳಿಕೊಂಡದ್ದನ್ನೆಲ್ಲ ಹೊರಗೆ ನಿಂತೇ ಹೇಳುತ್ತೇನೆ.